ಇಲಿಗಳು ಬಿಟ್ಟ ಕೂಳು

ಒಂದು ಪ್ರಯೋಗಾಲಯ. ಅಲ್ಲಿಗೆ ಡಾಕ್ಟರ್ ಸಂಗಮನಾಥ ಬೆಂಡಿಗೇರಿಯವರೇ ದೊಡ್ಡ ಸಾಹೇಬರು. ಗಿಡಮೂಲಿಕೆಯ ಸಾರ ತೆಗೆದು, ಇಲಿಗಳಿಗೆ ಕುಡಿಸಿ, ಕಾಯಿಲೆಗೆ ಅದು ನಾಟುತ್ತದೋ ಇಲ್ಲವೋ ನೋಡುವುದು ಅವರ ಕೆಲಸ. ಆ ವರ್ಷ ಕೈಗೆತ್ತಿಕೊಂಡದ್ದು ಒಂದು ಕಹಿ ಬಳ್ಳಿ. ಅದರ ಹೆಸರು ಮಾತ್ರ ನಾನು ಹೇಳುವುದಿಲ್ಲ. ಹೇಳಿದರೆ ನಾಳೆ ಬೆಳಗಾಗುವುದರೊಳಗೆ ಹತ್ತು ಗ್ರೂಪಿಗೆ ಕಳಿಸಿ, ಅರೆದು ಕುಡಿದೂ ಬಿಡುತ್ತೀರಿ. ನಿಮ್ಮನ್ನು ನಾನು ಬಲ್ಲೆ.

ಸಕ್ಕರೆ ಕಾಯಿಲೆ ಬರಿಸಿದ ಇಲಿಗಳನ್ನು ಎರಡು ಸಾಲು ಗೂಡುಗಳಲ್ಲಿ ಇಟ್ಟರು. ಒಂದು ಸಾಲಿಗೆ ಬಳ್ಳಿಯ ಸಾರ, ಇನ್ನೊಂದಕ್ಕೆ ಬರೀ ನೀರು. ಮೂರು ವಾರದಲ್ಲಿ ಸಾರ ಕುಡಿದ ಇಲಿಗಳ ಸಕ್ಕರೆ ಸರ್ರನೆ ಇಳಿಯಿತು. ಸಾಹೇಬರ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಗೂಡು ತೊಳೆದು ಇಲಿಗಳಿಗೆ ಆಹಾರ ಹಾಕುವವಳು ಫಕೀರವ್ವ. ಹಾಕಿದ್ದೆಷ್ಟು, ಉಳಿದದ್ದೆಷ್ಟು ಎಂದು ದಿನಾ ತೂಗಿ ಪಟ್ಟಿಯಲ್ಲಿ ಬರೆಯುವುದು ಅಲ್ಲಿನ ಪದ್ಧತಿ. ಅವಳು ಒಂದು ದಿನವೂ ತಪ್ಪಿಸಲಿಲ್ಲ. ಆದರೆ ಆ ಪಟ್ಟಿಯನ್ನು ಓದುವವರು ಯಾರೂ ಇರಲಿಲ್ಲ. ಕೊನೆಗೆ ಅವಳೇ ಅದನ್ನು ಹಿಡಿದು ಸಾಹೇಬರ ಮುಂದೆ ನಿಂತಳು.

“ಸರ್, ಸಾರ ಕುಡಿಯೋ ಇಲಿ ಕೂಳು ಮುಟ್ಟವಲ್ವು ನೋಡ್ರಿ. ಹಾಕಿದ್ದು ಹಾಕಿದಂಗ ಉಳೀತೈತಿ.”

“ನಿನ್ನ ಇಟ್ಟಿದ್ದು ಗೂಡು ತೊಳಿಯಾಕ. ಸಂಶೋಧನೆ ನಾ ಮಾಡ್ತೀನಿ, ಹೋಗು!”

ಕೇಳಿದಿರಾ ಮಾತನ್ನು! ಬರೆಯುವಾಗಲೂ ನನಗೆ ಮೈ ಉರಿಯುತ್ತದೆ. ದಪ್ಪ ದಪ್ಪ ಪುಸ್ತಕ ಓದಿದ ಮನುಷ್ಯನಿಗೆ ಒಂದು ಹಾಳೆ ಓದಲು ಪುರಸೊತ್ತಿಲ್ಲ.

ಪೇಪರಿನಲ್ಲಿ ಸಾಹೇಬರ ಫೋಟೊ ಬಂತು. ಸಾರವನ್ನು ಬಾಟಲಿಗೆ ತುಂಬಿಸಿ ಮಾರುತ್ತೇವೆ ಎಂದು ಒಂದು ಕಂಪನಿಯೂ ಬಂತು. ಸಾಹೇಬರ ಅವ್ವನಿಗೂ ಬಹಳ ವರ್ಷಗಳ ಸಕ್ಕರೆ ಕಾಯಿಲೆ. “ನನ್ನ ಮಗನ ಔಷಧ ಊರ ಮಂದಿ ಕುಡಿಯೂಕಿಂತ ಮೊದಲ ನಾ ಕುಡೀತೀನಿ,” ಎಂದು ಮುದುಕಿ ಹಠ ಹಿಡಿದಳು. ಸಾಹೇಬರು ಹಿಗ್ಗಿಹೋದರು. ದಿನಾ ಎರಡು ಹೊತ್ತು ತಾವೇ ಕುಡಿಸಿದರು. ಸಕ್ಕರೆ ಇಳಿಸುವ ಹಳೆಯ ಗುಳಿಗೆಯೂ ಜೊತೆಗೇ ನಡೆದಿತ್ತು.

“ಬಾಯಿ ವಿಷ ಆಗೇತಪಾ, ಊಟ ಬ್ಯಾಡ,” ಎಂದಳು ಅವ್ವ.

“ವಯಸ್ಸಾತಲ್ಲವ್ವಾ, ಹಂಗ ಆಗ್ತದ,” ಎಂದ ಮಗ, ಅವಳ ಬೆರಳಿಗೆ ಸೂಜಿ ಚುಚ್ಚಿ ಶುಗರ್ ನೋಡಿದ. ಇಳಿದಿತ್ತು. ನಕ್ಕ.

ಹನ್ನೆರಡನೆಯ ದಿನ ಅವ್ವ ಅಡುಗೆಮನೆಯ ಬಾಗಿಲಲ್ಲೇ ಕುಸಿದುಬಿದ್ದಳು. ಆಸ್ಪತ್ರೆಗೆ ಸೇರಿಸಿದಾಗ ಎಚ್ಚರವಿರಲಿಲ್ಲ. ರಕ್ತದಲ್ಲಿ ಸಕ್ಕರೆ ಪೂರ್ತಿ ತಳಕ್ಕೆ ಹೋಗಿತ್ತು. ಉಳಿಯುವುದೇ ಕಷ್ಟ ಎಂದರು ವೈದ್ಯರು. ಸುದ್ದಿ ಕೇಳಿ ಫಕೀರವ್ವ ಓಡಿಬಂದಳು. ಅವಳು ಕೇಳಿದ್ದು ಒಂದೇ ಮಾತು.

“ಸರ್, ಅವ್ವಾರು ಊಟ ಮಾಡ್ತಿದ್ರೇನ್ರಿ?”



ಪುಣ್ಯಕ್ಕೆ ಮುದುಕಿ ಬದುಕಿಕೊಂಡಳು. ಸಾಹೇಬರು ಮೊದಲ ಸಲ ಆ ಪಟ್ಟಿ ತರಿಸಿ ಓದಿದರು. ಆಮೇಲೆ ಹೊಸದಾಗಿ ಪರೀಕ್ಷೆ ಹೂಡಿದರು. ಬರೀ ನೀರು ಕುಡಿಯುವ ಇಲಿಗಳಿಗೂ, ಸಾರ ಕುಡಿದವು ಎಷ್ಟು ತಿಂದಿದ್ದವೋ ಅಷ್ಟೇ ಆಹಾರ ಹಾಕಿಸಿದರು. ಅವುಗಳ ಸಕ್ಕರೆಯೂ ಅಷ್ಟೇ ಇಳಿಯಿತು. ಬಳ್ಳಿ ಯಾವ ಕಾಯಿಲೆಯನ್ನೂ ವಾಸಿ ಮಾಡಿರಲಿಲ್ಲ. ಸಾರ ಕುಡಿದು ಹಸಿವು ಸತ್ತ ಪಾಪದ ಇಲಿಗಳು ಹೊಟ್ಟೆಗಿಲ್ಲದೆ ಒಣಗಿದ್ದವು, ಅಷ್ಟೆ. ಅವ್ವನದೂ ಅದೇ ಕಥೆ, ಮೇಲೆ ಗುಳಿಗೆ ಬೇರೆ. ಇದನ್ನು ಮೊದಲೇ ಮಾಡಲು ಏನು ಧಾಡಿಯಾಗಿತ್ತು?

ಬಾಟಲಿ ಬೇಡವೆಂದು ಕಂಪನಿಗೆ ಬರೆದು, ಸಾಹೇಬರು ಮನೆಗೆ ಬಂದು ಅವ್ವನ ಕಾಲ ಹತ್ತಿರ ಕೂತರು. “ತಪ್ಪಾತವ್ವಾ,” ಎಂದರು. ಫಕೀರವ್ವ ಪಕ್ಕದಲ್ಲೇ ಗಂಜಿ ಆರಿಸುತ್ತಿದ್ದಳು.

ಅವ್ವ ಸುಮ್ಮನೆ ಬಿಡಲಿಲ್ಲ. “ದಿನಾ ನನ್ನ ಬೆರಳು ಚುಚ್ಚಿ ಚುಚ್ಚಿ ನೋಡಿದಿ. ಒಂದು ದಿನಾರ ನನ್ನ ಊಟದ ತಾಟು ನೋಡಿದೇನಪಾ?” ಎಂದು ಕೇಳಿದಳು.

ಇಷ್ಟಾದ ಮೇಲೂ ನೀತಿ ಬಿಡಿಸಿ ಹೇಳಬೇಕೆಂದರೆ ಹೇಳುತ್ತೇನೆ: ಬೇಕಾದ ಅಂಕಿ ಬಂತೆಂದು ಕುಣಿಯುವ ಮೊದಲು, ಅದು ಯಾಕೆ ಬಂತೆಂದು ಕೇಳಬೇಕು. ಗೂಡು ತೊಳೆಯುವವಳು ಕೇಳಿದರೂ ಕಿವಿಗೊಡಬೇಕು. ಇಲ್ಲದಿದ್ದರೆ ಅದೇ ಪ್ರಶ್ನೆ ಒಂದು ದಿನ ನಮ್ಮವರ ಹಾಸಿಗೆಯ ಪಕ್ಕ ಬಂದು ನಿಲ್ಲುತ್ತದೆ. ಈಗ ಬೇಕಾದರೆ ಇದನ್ನು ಫಾರ್ವರ್ಡ್ ಮಾಡಿ.