ಫಕೀರವ್ವನ ನಡುಮನೆ

"ಗುರುಗಳೇ, ಒಳಗೆ ಕೋಪ ಇಟ್ಟುಕೊಂಡು ಹೊರಗೆ ತಾಳ್ಮೆ ತೋರಿಸುವುದು ಮೋಸವಲ್ಲವೇ?"

ಕೇಳಿದವನು ಗುರುಪಾದನೆಂಬ ಶಿಷ್ಯ. ಆ ದಿನ ಬೆಳಿಗ್ಗೆ ಅವನು ಮಠದ ಅಡುಗೆಯವನ ಮೇಲೆ ಎಲ್ಲರೆದುರು ಕೂಗಾಡಿದ್ದ. ಮಧ್ಯಾಹ್ನ ಪಂಕ್ತಿಯಲ್ಲಿ ಅದೇ ಅಡುಗೆಯವನಿಗೆ ನಗುನಗುತ್ತ ಕೈಮುಗಿದಿದ್ದ. ಆ ನಗು ಅವನಿಗೇ ಸುಳ್ಳೆನಿಸಿತ್ತು.

"ಈ ಕೋಪ ನನ್ನ ಹುಟ್ಟಿನೊಂದಿಗೇ ಬಂದದ್ದು. ಕಿತ್ತು ಹಾಕಲು ನನ್ನಿಂದ ಆಗುತ್ತಿಲ್ಲ. ಮೇಲೆ ಏನನ್ನೋ ಬಳಿದುಕೊಂಡು ತಿರುಗಲು ಮನಸ್ಸು ಒಪ್ಪುತ್ತಿಲ್ಲ. ನಾನು ಊರಿಗೆ ಹೋಗಿಬಿಡುತ್ತೇನೆ," ಎಂದ.

ಗುರುಗಳು ಅವನನ್ನು ಕೂರಿಸಿಕೊಂಡರು. ಒಂದು ಕತೆ ಶುರು ಮಾಡಿದರು.

ಧಾರವಾಡದ ಕಡೆ ಒಂದು ಊರು. ಅಲ್ಲಿ ಫಕೀರವ್ವ ಎಂಬ ಹೆಂಗಸು. ಕಸೂತಿ ಹಾಕುವುದು ಅವಳ ಕಸುಬು. ಸೀರೆಯ ಎಳೆ ಎಣಿಸಿ ಎಣಿಸಿ ಸೂಜಿ ಚುಚ್ಚುವ ಕೆಲಸ ಅದು. ಒಂದೆಳೆ ತಪ್ಪಿದರೆ ಗೋಪುರ ವಾಲುತ್ತದೆ, ನವಿಲಿನ ಕುತ್ತಿಗೆ ಮುರಿಯುತ್ತದೆ. ಫಕೀರವ್ವನ ಕೈ ಎಂದೂ ತಪ್ಪಿರಲಿಲ್ಲ. ಮದುವೆಯ ಕಪ್ಪು ಚಂದ್ರಕಾಳಿ ಸೀರೆಗೆ ಅವಳೇ ಕಸೂತಿ ಹಾಕಬೇಕೆಂದು ದೂರದೂರದಿಂದ ಜನ ಬರುತ್ತಿದ್ದರು.

ಹೀಗಿರುವಾಗ ಬಾಡಿಗೆ ಮನೆ ಬಿಡಬೇಕಾಗಿ ಬಂತು. ಫಕೀರವ್ವ ಗಂಡನೊಂದಿಗೆ ಅತ್ತೆಯ ಮನೆಗೆ ಬಂದಳು. ಮಾವ ಆಗಲೇ ತೀರಿಕೊಂಡಿದ್ದ. ಬದುಕಿದ್ದಾಗ ಕಟ್ಟಿಗೆ ಅಡ್ಡೆಯಲ್ಲಿ ದುಡಿದವನು. ಸಾಹುಕಾರರ ಮನೆಯಲ್ಲಿ ಇರುವಂಥದ್ದು ತನ್ನ ಮನೆಯಲ್ಲೂ ಇರಲಿ ಎಂಬ ಆಸೆಯಿಂದ ಒಂದೊಂದೇ ತೇಗದ ಹಲಗೆ ತಂದು, ನಡುಮನೆಯ ಗೋಡೆಗಳಿಗೆಲ್ಲ ನೆಲದಿಂದ ಮೇಲಿನವರೆಗೆ ಹೊದಿಸಿದ್ದ. ವರ್ಷ ವರ್ಷ ಅವಕ್ಕೆ ಎಣ್ಣೆ ಬಳಿದಿದ್ದ. ಎಣ್ಣೆಯ ಮೇಲೆ ಒಲೆಯ ಹೊಗೆ ಕೂತು ಹಲಗೆಗಳು ಕಪ್ಪಾಗಿದ್ದವು. ಎರಡೂ ಬದಿಗೆ ಮನೆಗಳು ಅಂಟಿಕೊಂಡಿದ್ದರಿಂದ ಇದ್ದದ್ದು ಒಂದೇ ಕಿಟಕಿ. ಅದರಿಂದ ಬಂದ ಬೆಳಕನ್ನು ಹಲಗೆಗಳು ನುಂಗಿಬಿಡುತ್ತಿದ್ದವು.

ಆ ಕತ್ತಲೆಯಲ್ಲಿ ಕಪ್ಪು ಸೀರೆ, ಅದರ ಎಳೆ ಎಣಿಸಬೇಕು. ದೀಪ ಹಾಕಿದರೆ ತನ್ನ ಕೈಯ ನೆರಳೇ ಸೂಜಿಯ ಮೇಲೆ ಬೀಳುತ್ತಿತ್ತು. ಅಂಗಳದಲ್ಲಿ ಕೂತರೆ ರಸ್ತೆಯ ಧೂಳು ಹಾರಿ ರೇಷ್ಮೆಯ ದಾರಕ್ಕೆ ಅಂಟುತ್ತಿತ್ತು. ಆದರೂ ಅವಳು ಬಿಡಲಿಲ್ಲ. ಕಣ್ಣು ಕಿರಿದು ಮಾಡಿಕೊಂಡು ಒಂದು ಮದುವೆ ಸೀರೆ ಮುಗಿಸಿ ಕೊಟ್ಟಳು.

ಸೀರೆ ತೆಗೆದುಕೊಂಡು ಹೋದ ವ್ಯಾಪಾರಿಯ ಹೆಂಡತಿ ಮರುದಿನವೇ ಬಂದಳು. ಸೆರಗು ಬಿಡಿಸಿ ತೋರಿಸಿದಳು. ಗೋಪುರಗಳು ಸಾಲಾಗಿ ವಾಲಿದ್ದವು.

"ಫಕೀರವ್ವಾ, ನಿನ್ನ ಕಣ್ಣು ಹೋದುವೇನು?" ಎಂದು ಕೇಳಿ, ಸೀರೆ ಮಡಿಚಿಕೊಂಡು ಹೊರಟುಹೋದಳು.

ಮಾತು ಊರೆಲ್ಲ ಹಬ್ಬಿತು. ಬರುವ ಸೀರೆಗಳು ನಿಂತವು. ಮಗಳ ಮದುವೆ ಹತ್ತಿರ ಬಂದಿದ್ದರಿಂದ ಆ ವ್ಯಾಪಾರಿಯ ಹೆಂಡತಿ ಬೇರೆ ಕೈಗಳನ್ನು ಹುಡುಕುತ್ತಿದ್ದಾಳೆ ಎಂಬ ಸುದ್ದಿಯೂ ಬಂತು. ಫಕೀರವ್ವನಿಗೆ ಅನ್ನ ಸೇರಲಿಲ್ಲ.

ಗಂಡ ಬಡಿಗನನ್ನು ಕರೆತಂದ. ಬಡಿಗ ಮೂಲೆಯ ಒಂದು ಹಲಗೆಯನ್ನು ಮೀಟಿ ನೋಡಿದ. ಹಲಗೆಯ ಜೊತೆ ಹಿಂದಿನ ಮಣ್ಣೂ ಬುಟ್ಟಿಗಟ್ಟಲೆ ಉದುರಿತು. ಹಲಗೆ ಕಿತ್ತರೆ ಗೋಡೆಯನ್ನೇ ಹೊಸದಾಗಿ ಕಟ್ಟಬೇಕು ಎಂದು ಹೇಳಿ, ಕಿತ್ತದ್ದನ್ನು ಮತ್ತೆ ಬಡಿದು ಹೋದ. ಗೋಡೆ ಕಟ್ಟಿಸುವ ಶಕ್ತಿ ಆ ಮನೆಗೆ ಇರಲಿಲ್ಲ.

"ಹಂಗಾದ್ರ ಹಲಗಿಗೇ ಬಣ್ಣ ಹಚ್ಚತೇನಿ," ಎಂದಳು ಫಕೀರವ್ವ.

ಅತ್ತೆ ಎದ್ದು ನಿಂತಳು. "ನಿಮ್ಮ ಮಾವ ಹೊಟ್ಟಿ ಕಟ್ಟಿ ತಂದ ತೇಗ ಐತಿದು. ಇದರ ಮ್ಯಾಲ ಬಣ್ಣ ಬಳೀತೀಯೇನು?"

"ಹೌದ್ರಿ ಅತ್ತಿ. ಅವರು ಚಂದ ಕಾಣಲಿ ಅಂತ ಹಾಕ್ಯಾರ. ಈಗ ಏನೂ ಕಾಣವಲ್ದು."

ಅತ್ತೆ ಸೊಸೆಯ ಜೊತೆ ಮಾತು ಬಿಟ್ಟಳು. ಫಕೀರವ್ವ ಅಗ್ಗದ ಬಿಳಿ ಬಣ್ಣ ತಂದು ಒಂದೇ ದಿನದಲ್ಲಿ ಗೋಡೆಗೆಲ್ಲ ಬಳಿದಳು. ಸಂಜೆ ನಡುಮನೆ ಬೆಳ್ಳಗೆ ಹೊಳೆಯಿತು. ಅವಳಿಗೆ ಹಿಡಿಸಲಾರದಷ್ಟು ಸಂತೋಷವಾಯಿತು. ಆದರೆ ವಾರ ಕಳೆಯುವುದರೊಳಗೆ ಬಿಳಿಯ ಮೇಲೆ ಚಹಾ ಚೆಲ್ಲಿದಂತೆ ಕಂದು ಕಲೆಗಳು ಎದ್ದವು. ಬೆರಳು ತಾಗಿದಲ್ಲೆಲ್ಲ ಬಣ್ಣ ಹಾಳೆಹಾಳೆಯಾಗಿ ಬಿಟ್ಟುಬಂತು. ನೋಡಲು ಬಂದ ನೆರೆಯವರು ಬಾಯಿಗೆ ಸೆರಗು ಹಿಡಿದು ನಕ್ಕರು. ಅತ್ತೆ ಮಾತ್ರ ನಗಲಿಲ್ಲ. ಗೋಡೆಯ ಕಡೆ ಒಮ್ಮೆ ನೋಡಿ ಒಳಗೆ ಹೋದಳು. ಫಕೀರವ್ವನಿಗೆ ನೆರೆಯವರ ನಗುವಿಗಿಂತ ಅದೇ ಹೆಚ್ಚು ಚುಚ್ಚಿತು.

ಅವಳು ಅತ್ತಳು. ಅತ್ತು ಮುಗಿದ ಮೇಲೆ ಗೋಡೆಯ ಮುಂದೆ ಕೂತು ಯೋಚಿಸಿದಳು. ಕಸೂತಿಯಲ್ಲಿ ತಪ್ಪಾದರೆ ಅದರ ಮೇಲೆ ಹೊಸ ದಾರ ಹಾಕುತ್ತಾರೆಯೇ? ಇಲ್ಲ. ತಪ್ಪಿದ ಎಳೆಯವರೆಗೂ ಬಿಚ್ಚಬೇಕು. ಅವಳು ಬಳಿದದ್ದನ್ನೆಲ್ಲ ಕೆರೆದು ತೆಗೆದಳು.

ಈ ಸಲ ಮೊದಲಿಗೇ ಬಣ್ಣದ ಡಬ್ಬಿಯನ್ನು ಮುಟ್ಟಲಿಲ್ಲ. ಬಿಸಿನೀರಿಗೆ ಸೋಡಾ ಹಾಕಿ ಹಲಗೆಗಳನ್ನು ತೊಳೆದಳು. ಜಿಡ್ಡು ಕಪ್ಪು ನೀರಾಗಿ ಇಳಿಯಿತು. ನೀರು ತಿಳಿಯಾಗುವವರೆಗೆ ತೊಳೆದಳು. ಹಲಗೆ ಒಣಗಿದ ಮೇಲೆ ಮರಳು ಕಾಗದ ಹಿಡಿದು ಉಜ್ಜತೊಡಗಿದಳು. ಸೂಜಿ ಹಿಡಿಯುವ ಬೆರಳು ಕೆಡಬಾರದೆಂದು ತುದಿಗೆ ಬಟ್ಟೆ ಸುತ್ತಿಕೊಂಡಿದ್ದಳು. ಎಣ್ಣೆಯ ಹೊಳಪು ಹೋಗಿ ಹಲಗೆ ಒರಟಾಗುವವರೆಗೆ ಉಜ್ಜಿದಳು. ಗಂಡನೂ ಒಂದು ಕಾಗದ ಹಿಡಿದು ಪಕ್ಕದಲ್ಲಿ ಕೂತ.

ಬಾಗಿಲ ಹಿಂದಿನ ಒಂದು ಹಲಗೆಗೆ ಮೊದಲು, ಬಣ್ಣದ ಅಡಿಗೆ ಬಳಿಯುವ ಪ್ರೈಮರ್ ಹಚ್ಚಿ ಕಾದಳು. ಸಣ್ಣ ಕಲೆ ಎದ್ದಿತು. ಇನ್ನೊಂದು ಕೈ ಹಚ್ಚಿ ಮತ್ತೆ ಕಾದಳು. ಕಲೆ ಏಳಲಿಲ್ಲ. ಉಗುರಿನಿಂದ ಕೆರೆದು ನೋಡಿದಳು. ಹಚ್ಚಿದ್ದು ಬಿಡಲಿಲ್ಲ. ಆಗ ಉಳಿದ ಹಲಗೆಗಳಿಗೆಲ್ಲ ಹಾಗೆಯೇ ಮಾಡಿದಳು. ಅಂಗಡಿಯಲ್ಲಿ ಯಾರಿಗೂ ಬೇಡವಾಗಿ ಉಳಿದಿದ್ದ ಬಣ್ಣದ ಅರ್ಧರ್ಧ ಡಬ್ಬಿಗಳು ಅಗ್ಗಕ್ಕೆ ಸಿಕ್ಕವು. ಎಲ್ಲವನ್ನೂ ಒಂದು ಬಕೆಟ್ಟಿಗೆ ಸುರಿದು ಕಲಸಿದಳು. ಆಗತಾನೆ ಕಡೆದು ತೆಗೆದ ಬೆಣ್ಣೆಯಂಥ ಬಣ್ಣ ಬಂತು. ಅದನ್ನು ಗೋಡೆಗೆಲ್ಲ ಬಳಿದಳು.

ಬಣ್ಣ ಒಣಗಿದ ಮರುದಿನ ಬೆಳಿಗ್ಗೆ ಅತ್ತೆ ಕೋಣೆಯಿಂದ ನಡುಮನೆಗೆ ಬಂದು ಹಾಗೇ ನಿಂತಳು. ಒಂದೇ ಕಿಟಕಿಯ ಬೆಳಕು ಎದುರಿನ ಗೋಡೆಗೆ ಬಿದ್ದು, ಅಲ್ಲಿಂದ ಮೂಲೆಮೂಲೆಗೂ ಹರಡಿತ್ತು. ಮುದುಕಿ ತನ್ನ ಎರಡೂ ಕೈಗಳನ್ನು ಎತ್ತಿ ನೋಡಿಕೊಂಡಳು.

"ನನ್ನ ಕೈ ಇಷ್ಟು ಸುಕ್ಕಾಗ್ಯಾವೇನ?" ಎಂದಳು. ಆಮೇಲೆ ಜೋರಾಗಿ ನಕ್ಕಳು. ನಗು ನಿಂತ ಮೇಲೆ, "ಒಂದು ಸೂಜಿ ಕೊಡು ಇಲ್ಲೆ," ಎಂದು ಸೊಸೆಯ ಪಕ್ಕದಲ್ಲಿ ಕೂತಳು. ತಾನೂ ಒಂದು ಕಾಲಕ್ಕೆ ಕಸೂತಿ ಹಾಕುತ್ತಿದ್ದೆ ಎಂಬುದನ್ನು ಅವಳು ಅವತ್ತಿನವರೆಗೆ ಹೇಳಿರಲೇ ಇಲ್ಲ.

ಫಕೀರವ್ವ ನೆಟ್ಟಗೆ ವ್ಯಾಪಾರಿಯ ಮನೆಗೆ ಹೋದಳು. "ಆ ಸೀರಿ ಕೊಡ್ರಿ. ಬಿಚ್ಚಿ ಮತ್ತ ಹಾಕತೇನಿ. ನಂಬಿಕಿ ಇಲ್ಲಂದ್ರ ನಮ್ಮ ಮನಿಗೆ ಬಂದು ಪಕ್ಕದಾಗ ಕೂತು ನೋಡ್ರಿ," ಎಂದಳು. ವ್ಯಾಪಾರಿಯ ಹೆಂಡತಿ ನಿಜವಾಗಿಯೂ ಬಂದಳು. ನಡುಮನೆಯ ಹೊಸಿಲಲ್ಲಿ ನಿಂತು ಗೋಡೆಗಳನ್ನು ನೋಡಿದಳು. ಸೀರೆಯನ್ನು ಫಕೀರವ್ವನ ಮಡಿಲಲ್ಲಿಟ್ಟು ಮನೆಗೆ ಹೋದಳು.

ಅತ್ತೆ ಸೊಸೆ ಕೂಡಿ ಹಳೆಯದನ್ನು ಬಿಚ್ಚಿದರು, ಹೊಸದನ್ನು ಹಾಕಿದರು. ಮದುವೆಯ ದಿನ ಹೆಂಗಸರು ಮದುಮಗಳ ಸೆರಗನ್ನು ಹಿಡಿದು ನೋಡಿದರು, ತಿರುವಿ ಹಿಂಬದಿಯನ್ನೂ ನೋಡಿದರು. ಎರಡು ಬದಿಯೂ ಒಂದೇ ಸಮ. ಒಂದು ಗಂಟಿಲ್ಲ, ಒಂದೆಳೆ ತಪ್ಪಿಲ್ಲ. ಯಾರ ಕೈ ಇದು ಎಂದು ಕೇಳಿದರೆ, ಮದುಮಗಳ ತಾಯಿ ಇಡೀ ಚಪ್ಪರಕ್ಕೆ ಕೇಳುವಂತೆ ಹೇಳಿದಳು: "ನಮ್ಮ ಫಕೀರವ್ವನ ಕೈ!"

ಆಮೇಲೆ ಆ ನಡುಮನೆಯಲ್ಲಿ ಜಾಗ ಸಾಲದಾಯಿತು. ನಕ್ಕಿದ್ದ ನೆರೆಯವರೇ ಹೆಣ್ಣುಮಕ್ಕಳನ್ನು ಕಲಿಯಲು ಕಳಿಸಿದರು. ಗೋಡೆಗೆ ಬೆನ್ನು ಕೊಟ್ಟು ಅವರೆಲ್ಲ ಸಾಲಾಗಿ ಕೂತರೆ, ಮುದುಕಿ ನಡುವೆ ಕೂತು, ತಪ್ಪಿದವರನ್ನು ಬೈದು ಬಿಚ್ಚಿಸುತ್ತಿದ್ದಳು. ವರ್ಷಗಳು ಹೋದವು. ಬಣ್ಣ ಹೋಗಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಗುರುಪಾದ ತಲೆಯೆತ್ತಿದ. ಅವನ ಮುಖ ಅರಳಿತ್ತು. ಆದರೂ ಒಂದು ಅನುಮಾನ ಉಳಿದಿತ್ತು.

"ಗುರುಗಳೇ, ಎಷ್ಟಾದರೂ ಆ ಬಣ್ಣದ ಕೆಳಗೆ ಕಪ್ಪು ಹಲಗೆ ಹಾಗೇ ಇದೆಯಲ್ಲವೇ?"

"ಇದೆ. ತೊಳೆದು ಉಜ್ಜಿದ ಆ ಹಲಗೆಯೇ ಇಲ್ಲದಿದ್ದರೆ ಬಣ್ಣ ಯಾವುದನ್ನು ಹಿಡಿದು ನಿಲ್ಲುತ್ತಿತ್ತು, ಗುರುಪಾದ?"