ತಂಪು ಬಾರದೆ ಅವ್ವ ಬಾರಳು

ಎಲ್ಲರೂ ಕೂತಿರಾ? ಕಾಲು ಮಡಿಚಿ ಕೂತಿರಾ? ಹಾಗಾದರೆ ಕೇಳಿ.

ರಾಯಚೂರಿನಲ್ಲಿ ಒಂದು ಓಣಿ. ಓಣಿಯಲ್ಲಿ ಒಂದು ಮನೆ. ಮನೆಯ ಮುಂದೆ ಒಂದು ಕಾರು. ಹಳೆಯ ಕಾರು. ಎಷ್ಟು ಹಳೆಯದು? ಶರಣಿಯ ಅವ್ವನ ಮದುವೆಗಿಂತ ಹಳೆಯದು. ಮೊದಲು ಬಿಳಿ ಬಣ್ಣ ಇತ್ತು. ಈಗ ಮಜ್ಜಿಗೆ ಬಣ್ಣ.

ಶರಣಿ ಯಾರು? ಅದನ್ನು ಹೇಳಲೇ ಇಲ್ಲ ನೋಡಿ. ಶರಣಿ ಆರು ವರ್ಷದ ಹುಡುಗಿ. ಕಾರು ಅವಳ ಅಜ್ಜ ಮಾನಪ್ಪನದು.

ಶರಣಿಯ ಅವ್ವ ಮನೆಯಲ್ಲಿ ಇರಲಿಲ್ಲ. ಸಿಂಧನೂರಿಗೆ ಹೋಗಿದ್ದಳು, ತವರಿಗೆ. ತವರು ಎಂದರೆ ಅವ್ವನ ಅವ್ವನ ಮನೆ. ಅಲ್ಲಿ ಪಾಪು ಹುಟ್ಟಿತ್ತು. ಶರಣಿಗೆ ಶಾಲೆ ಇತ್ತು. ಅಪ್ಪ ಲಾರಿ ಓಡಿಸುತ್ತಾನೆ, ಅವನು ಯಾವಾಗಲೂ ದೂರ. ಅದಕ್ಕೇ ಶರಣಿ ಅಜ್ಜನ ಹತ್ತಿರ ಉಳಿದಳು.

ಅಜ್ಜ ಒಳ್ಳೆಯವನು. ರೊಟ್ಟಿ ಬಡಿಯುತ್ತಾನೆ. ಕಥೆ ಹೇಳುತ್ತಾನೆ. ಆದರೆ ಅಜ್ಜನಿಗೆ ಜಡೆ ಹಾಕಲು ಬಾರದು. ಒಂದು ಜಡೆ ಮೇಲೆ. ಒಂದು ಜಡೆ ಕೆಳಗೆ.

ರಾತ್ರಿ ಶರಣಿ ಅವ್ವನ ಹಳೆಯ ಸೀರೆ ಹೊದ್ದು ಮಲಗುತ್ತಿದ್ದಳು. ಮೊದಮೊದಲು ಸೀರೆಯಲ್ಲಿ ಅವ್ವನ ವಾಸನೆ ಇತ್ತು. ಈಗ ಬರೀ ಸೀರೆಯ ವಾಸನೆ.

ನಾಳೆ ಅವ್ವನನ್ನು ಕರೆತರುವ ದಿನ! ಅಜ್ಜ ಕಾರು ಚಾಲೂ ಮಾಡಿ ನೋಡಿದ. ಏಸಿ ಗುಂಡಿ ಒತ್ತಿದ. ಏಸಿ ಎಂದರೆ ಕಾರಿನ ಒಳಗೆ ತಂಪು ಊದುವ ಯಂತ್ರ. ಆದರೆ ಅದು ತಂಪು ಊದಲಿಲ್ಲ. ಹುಸ್ ಎಂದಿತು. ಬಿಸಿ ಗಾಳಿ ಬಂತು.

ಕಾರಿನ ತಂಪು ಕಳೆದುಹೋಗಿತ್ತು.

ಅಜ್ಜ ಸಿಂಧನೂರಿಗೆ ಫೋನು ಮಾಡಿದ. ಅವ್ವ ಹೇಳಿದಳು, "ಮಾವಾ, ಕಾರು ತಂಪಾದ ಮ್ಯಾಲ ಬರ್ರಿ. ಕೂಸು ಭಾಳ ಸಣ್ಣದೈತಿ. ಈ ಬಿಸಲು ತಡಿಯಂಗಿಲ್ಲ."

ಬೆಳಗಿನ ಜಾವ ಬರಬಹುದಲ್ಲ ಎನ್ನುತ್ತೀರಾ? ಆ ಬೇಸಿಗೆಯಲ್ಲಿ ಬೆಳಗಿನ ಜಾವವೂ ಬಿಸಿ. ಕೋಳಿ ಕೂಗುವಾಗಲೇ ಬೆವರುತ್ತಿತ್ತು.

ಶರಣಿ ಫೋನು ಕಸಿದುಕೊಂಡಳು. "ಅವ್ವಾ, ನಾಳೆ ಬರ್ತಿಯಿಲ್ಲೋ?"

"ಕಾರು ತಂಪಾದ್ರ ಬರ್ತೀನಿ, ನನ್ ಕಂದಾ."

ಶರಣಿ ಅಳಲಿಲ್ಲ. ಸ್ವಲ್ಪ ಅತ್ತಳು. ಮೂಗು ಒರೆಸಿಕೊಂಡಳು. "ಅಜ್ಜಾ, ನಡಿ" ಎಂದಳು.

ಓಣಿಯ ತುದಿಯಲ್ಲಿ ಖಾಜಾ ಮಾಮಾನ ಗ್ಯಾರೇಜು. ಅಜ್ಜ ಕಾರನ್ನು ಅಲ್ಲಿಗೆ ತಂದು ನಿಲ್ಲಿಸಿದ. ತಾನು ಸ್ಟೂಲಿನ ಮೇಲೆ ಕೂತ.

"ಖಾಜಾ ಮಾಮಾ, ಖಾಜಾ ಮಾಮಾ, ಗ್ಯಾಸು ತುಂಬು. ಗ್ಯಾಸು ತುಂಬದೆ ತಂಪು ಬಾರದು. ತಂಪು ಬಾರದೆ ಅವ್ವ ಬಾರಳು."

ಇದು ಒಲೆಯ ಗ್ಯಾಸು ಅಲ್ಲ, ಮಕ್ಕಳೇ. ಇದು ಬೇರೆ. ಇದು ಕಾರಿನ ಒಳಗಿನ ಬಿಸಿಯನ್ನು ಹೊತ್ತು ಹೊರಗೆ ಚೆಲ್ಲುತ್ತದೆ.

ಖಾಜಾ ಮಾಮಾ ತಲೆ ಅಲ್ಲಾಡಿಸಿದ. "ತುಂಬಂಗಿಲ್ಲ, ಬೇಟಿ. ನಿಮ್ಮಜ್ಜ ಪ್ರತಿ ಬ್ಯಾಸಗಿಗೂ ತುಂಬಸ್ತಾನ. ಪ್ರತಿ ಬ್ಯಾಸಗಿಗೂ ಹೋಗತೈತಿ. ಪೈಪಿನಾಗ ಎಲ್ಲೋ ತೂತು ಐತಿ. ತೂತು ಇರೋ ಕೊಡಕ್ಕ ನೀರು ಹಾಕಿದ್ರ ನಿಲ್ಲತೈತೇನು?"

"ಅವಸರ ಇತ್ತಪಾ" ಎಂದ ಅಜ್ಜ.

"ಹತ್ತು ವರ್ಷದಿಂದ ಅವಸರ ಐತಿ ನಿಂಗ!"

"ತೂತು ಎಲ್ಲಿ ಐತಿ, ಮಾಮಾ?" ಎಂದಳು ಶರಣಿ.

"ಕಣ್ಣಿಗೆ ಕಾಣಂಗಿಲ್ಲ. ಸಬಕಾರದ ನೊರಿ ಹಚ್ಚಬೇಕು. ತೂತು ಇದ್ದಲ್ಲಿ ಗುಳ್ಳಿ ಏಳತಾವ. ತಾಯವ್ವನ ಹತ್ರ ನೊರಿ ತಗೊಂಡು ಬಾ."

ಶರಣಿ ಓಡಿದಳು. ತಾಯವ್ವ ಬಟ್ಟೆ ಒಗೆಯುವವಳು. ನಲ್ಲಿಯ ಹತ್ತಿರ ಅವಳ ಒಗೆಯುವ ಕಲ್ಲು.

"ತಾಯವ್ವಾ, ತಾಯವ್ವಾ, ನೊರೆ ಕೊಡು. ನೊರೆ ಏಳದೆ ತೂತು ಕಾಣದು. ತೂತು ಕಾಣದೆ ಗ್ಯಾಸು ತುಂಬದು. ಗ್ಯಾಸು ತುಂಬದೆ ತಂಪು ಬಾರದು. ತಂಪು ಬಾರದೆ ಅವ್ವ ಬಾರಳು."

ತಾಯವ್ವ ನಕ್ಕಳು. "ಅಯ್ಯ, ಏನ್ ಜಡಿನ ಇದು? ಒಂದು ರಾಯಚೂರಿಗೆ, ಒಂದು ಸಿಂಧನೂರಿಗೆ! ಸಬಕಾರ ಕೊಡ್ತೀನವಾ. ನೊರಿ ಎಲ್ಲಿಂದ ಕೊಡ್ಲಿ? ಇದು ಬೋರಿನ ನೀರು, ಸವಳು ನೀರು. ಇದ್ರಾಗ ಎಷ್ಟು ತಿಕ್ಕಿದ್ರೂ ನೊರಿ ಏಳಂಗಿಲ್ಲ. ಸೂಗಪ್ಪನ ಅರವಟಿಗೆಯಿಂದ ಸೀನೀರು ತಗೊಂಡು ಬಾ."

ಸವಳು ನೀರು ಎಂದರೆ ಉಪ್ಪುಪ್ಪು ನೀರು. ಸೀನೀರು ಎಂದರೆ ಸಿಹಿ ನೀರು. ಅದರಲ್ಲಿ ಸಕ್ಕರೆ ಇರುವುದಿಲ್ಲ. ಕುಡಿಯಲು ಚೆನ್ನಾಗಿರುತ್ತದೆ, ಅಷ್ಟೆ.

ಶರಣಿ ಓಡಿದಳು. ಬೇವಿನ ಮರದ ಕೆಳಗೆ ಸೂಗಪ್ಪ ಕಾಕಾನ ಅರವಟಿಗೆ. ದಾರಿಯಲ್ಲಿ ಹೋಗುವವರಿಗೆ ಅಲ್ಲಿ ನೀರು ಕೊಡುತ್ತಾರೆ. ಮೂರು ಗಡಿಗೆ. ಮೂರರಲ್ಲೂ ಸೀನೀರು.

"ಸೂಗಪ್ಪ ಕಾಕಾ, ಸೂಗಪ್ಪ ಕಾಕಾ, ನೀರು ಕೊಡು. ನೀರು ಸಿಗದೆ ನೊರೆ ಏಳದು. ನೊರೆ ಏಳದೆ ತೂತು ಕಾಣದು. ತೂತು ಕಾಣದೆ ಗ್ಯಾಸು ತುಂಬದು. ಗ್ಯಾಸು ತುಂಬದೆ ತಂಪು ಬಾರದು. ತಂಪು ಬಾರದೆ ಅವ್ವ ಬಾರಳು."

ಸೂಗಪ್ಪ ಕಾಕಾ ದೂರ ನಿಂತಿದ್ದ. ಮೊಣಕಾಲು ತಿಕ್ಕಿಕೊಳ್ಳುತ್ತಿದ್ದ. "ಕೊಡಾಕ ಬರಂಗಿಲ್ಲವಾ. ನಮ್ಮ ಆಡು ಗಡಿಗಿ ಮುಂದ ಕುಂತೈತಿ. ಮುಂಜಾನಿಂದ ಎದ್ದಿಲ್ಲ. ಹತ್ರ ಹೋದ್ರ ಹಾಯತೈತಿ. ನೋಡು, ನನ್ನ ಮೊಣಕಾಲು! ನೀನೇ ಎಬ್ಬಸು."

ಶರಣಿ ಆಡಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತಳು. ತುಂಬ ಹತ್ತಿರ ಅಲ್ಲ. ಸ್ವಲ್ಪ ದೂರ.

"ಆಡೇ, ಆಡೇ, ಏಳು. ಆಡು ಏಳದೆ ನೀರು ಸಿಗದು. ನೀರು ಸಿಗದೆ ನೊರೆ ಏಳದು. ನೊರೆ ಏಳದೆ ತೂತು ಕಾಣದು. ತೂತು ಕಾಣದೆ ಗ್ಯಾಸು ತುಂಬದು. ಗ್ಯಾಸು ತುಂಬದೆ ತಂಪು ಬಾರದು. ತಂಪು ಬಾರದೆ ಅವ್ವ ಬಾರಳು."

"ಮ್ಯಾ" ಎಂದಿತು ಆಡು. "ನಾನು ಏಳಂಗಿಲ್ಲ. ಮುಂಜಾನಿಂದ ನನ್ನ ಮರಿ ಕಾಣವಲ್ದು. ಕರದೆ, ಕರದೆ, ದನಿ ಬಿತ್ತು. ನೀನು ಅವ್ವ ಬೇಕಂತಿ. ನಂಗ ಮರಿ ಬೇಕು."

ಶರಣಿ ಆಡಿನ ಕಣ್ಣು ನೋಡಿದಳು. ಎದ್ದಳು. ಮರಿಯನ್ನು ಹುಡುಕಿದಳು.

ಬೇವಿನ ಮರದ ಹಿಂದೆ ನೋಡಿದಳು. ಇಲ್ಲ. ಒಗೆಯುವ ಕಲ್ಲಿನ ಹಿಂದೆ ನೋಡಿದಳು. ಇಲ್ಲ. ಗ್ಯಾರೇಜಿನ ಟೈರುಗಳ ಹಿಂದೆ ನೋಡಿದಳು. ಅಲ್ಲೂ ಇಲ್ಲ. ಬಗ್ಗಿ ಅಜ್ಜನ ಕಾರಿನ ಕೆಳಗೆ ನೋಡಿದಳು.

ಇತ್ತು! ಕರೀ ಮರಿ. ಒಂದು ಕಿವಿ ಮಾತ್ರ ಬಿಳಿ.

ಎಲ್ಲಿಂದ ಹೊರಟಿದ್ದಳೋ ಅಲ್ಲಿಗೇ ಬಂದಿದ್ದಳು ಶರಣಿ.

"ಮರಿಯೇ, ಮರಿಯೇ, ಬಾ. ಮರಿ ಬಾರದೆ ಆಡು ಏಳದು. ಆಡು ಏಳದೆ ನೀರು ಸಿಗದು. ನೀರು ಸಿಗದೆ ನೊರೆ ಏಳದು. ನೊರೆ ಏಳದೆ ತೂತು ಕಾಣದು. ತೂತು ಕಾಣದೆ ಗ್ಯಾಸು ತುಂಬದು. ಗ್ಯಾಸು ತುಂಬದೆ ತಂಪು ಬಾರದು. ತಂಪು ಬಾರದೆ ಅವ್ವ ಬಾರಳು."

"ನಾನು ಬರಂಗಿಲ್ಲ" ಎಂದಿತು ಮರಿ. "ಮೊದಲು ಈ ಕಾರಿನ ಕೆಳಗ ತುಪ್ ತುಪ್ ಅಂತ ತಣ್ಣನ ಹನಿ ಬೀಳತಿದ್ದವು. ಮೂಗಿನ ಮ್ಯಾಲ ಬೀಳತಿದ್ದವು. ಅವು ಬರೋತನಕ ಇಲ್ಲೇ ಕಾಯ್ತೀನಿ."

ಏಸಿ ತಂಪು ಊದುವಾಗ ಕಾರಿನ ಕೆಳಗೆ ನೀರು ತೊಟ್ಟಿಕ್ಕುತ್ತದೆ. ನೀವೂ ನೋಡಿದ್ದೀರಿ. ಆದರೆ ಈಗ ತಂಪು ಇಲ್ಲ. ತಂಪು ಇಲ್ಲದೆ ಹನಿ ಇಲ್ಲ.

ಅಯ್ಯೋ! ಹನಿ ಬಾರದೆ ಮರಿ ಬಾರದು. ಮರಿ ಬಾರದೆ ತಂಪು ಬಾರದು. ತಂಪು ಬಾರದೆ ಹನಿ ಬಾರದು. ಈಗ ಏನು ಮಾಡುವುದು?

ಶರಣಿಯ ಕಣ್ಣಿಂದ ಒಂದು ಹನಿ ಬಿತ್ತು. ಮರಿಯ ಮೂಗಿನ ಮೇಲೆ ಬಿತ್ತು.

"ಇದು ಬಿಸಿ ಐತಿ" ಎಂದಿತು ಮರಿ.

"ಹೂಂ" ಎಂದಳು ಶರಣಿ. "ನನ್ನ ಅವ್ವ ಸಿಂಧನೂರಾಗ ಅದಾಳ. ನಾ ಎಷ್ಟು ಕಿವಿಗೊಟ್ರೂ ಆಕಿ ದನಿ ಕೇಳಂಗಿಲ್ಲ. ನಿನ್ನ ಅವ್ವ ಬೇವಿನ ಗಿಡದ ಕೆಳಗ ಅದಾಳ. ಕಿವಿಗೊಡು."

ಮರಿ ಕಿವಿ ನಿಮಿರಿಸಿತು. ಕರೀ ಕಿವಿ. ಆಮೇಲೆ ಬಿಳಿ ಕಿವಿ.

ದೂರದಲ್ಲಿ, ತುಂಬ ಸಣ್ಣಗೆ, ಒಡಕು ದನಿಯಲ್ಲಿ, "ಮ್ಯಾ."

ಮರಿ ಹನಿಯನ್ನು ಮರೆಯಿತು. ಎದ್ದಿತು. ಶರಣಿಯ ಕಾಲ ನಡುವೆ ನುಸುಳಿತು. ಓಡಿತು, ಓಡಿತು, ಓಡಿತು!

ಮರಿ ಬಂತು, ಆಡು ಎದ್ದಿತು. ಮರಿಯನ್ನು ನೆಕ್ಕಿತು. ಒಂದು ಸಲ ಅಲ್ಲ, ನೂರು ಸಲ.

ಆಡು ಎದ್ದಿತು, ನೀರು ಸಿಕ್ಕಿತು. ಸೂಗಪ್ಪ ಕಾಕಾ ತಂಬಿಗೆ ತುಂಬ ಕೊಟ್ಟ.

ನೀರು ಸಿಕ್ಕಿತು, ನೊರೆ ಎದ್ದಿತು. ತಾಯವ್ವನ ಮೊಣಕೈವರೆಗೂ ನೊರೆ!

ನೊರೆ ಎದ್ದಿತು, ತೂತು ಕಂಡಿತು. ಖಾಜಾ ಮಾಮಾ ಪೈಪಿಗೆ ಒಣ ಗಾಳಿ ಒತ್ತಿದ. ಮೇಲೆ ನೊರೆ ಹಚ್ಚಿದ. ಇಲ್ಲಿ ಗುಳ್ಳೆ ಇಲ್ಲ. ಅಲ್ಲಿ ಗುಳ್ಳೆ ಇಲ್ಲ. ಎರಡು ಪೈಪು ಸೇರುವಲ್ಲಿ, ಬುಳು ಬುಳು ಬುಳು! "ಇಲ್ಲೈತಿ!" ಎಂದು ಕೂಗಿದಳು ಶರಣಿ. ಒಳಗಿನ ರಬ್ಬರ್ ಉಂಗುರ ಒಣಗಿ ಸೀಳಿಹೋಗಿತ್ತು. ಶರಣಿಯ ಕಿರುಬೆರಳಿಗೆ ಆಗುವಷ್ಟು ಸಣ್ಣ ಉಂಗುರ. ಹತ್ತು ವರ್ಷದ ತಂಪನ್ನೆಲ್ಲ ಬಿಟ್ಟುಕೊಟ್ಟದ್ದು ಅದೇ. ಮಾಮಾ ಹೊಸ ಉಂಗುರ ಹಾಕಿದ.

ತೂತು ಮುಚ್ಚಿತು, ಗ್ಯಾಸು ತುಂಬಿತು. ಸುಮ್ಮನೆ ತುಂಬಲಿಲ್ಲ. ಮೊದಲು ಪಂಪು ಹಚ್ಚಿ ಒಳಗಿನ ಗಾಳಿಯನ್ನೆಲ್ಲ ಹೀರಿ ತೆಗೆದ. ಗಾಳಿ ಉಳಿದರೆ ಗ್ಯಾಸಿಗೆ ಕೆಲಸ ಮಾಡಲು ಆಗುವುದಿಲ್ಲ. ಆಮೇಲೆ ತೂಗಿ ತುಂಬಿದ. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

ಗ್ಯಾಸು ತುಂಬಿತು, ತಂಪು ಬಂತು. ಅಜ್ಜ ಗುಂಡಿ ಒತ್ತಿದ. ಕಣ್ಣು ಮುಚ್ಚಿಕೊಂಡ. "ಆಹಾ" ಎಂದ.

ತಂಪು ಬಂತು. ಅವ್ವ?

ಮರುದಿನ ಅಜ್ಜ ಸಿಂಧನೂರಿಗೆ ಹೊರಟ. ಬರುವಾಗ ಕಾರು ತುಂಬ ತೊಟ್ಟಿಲು, ಹಾಸಿಗೆ, ಬಾಣಂತಿ ತಿನ್ನುವ ಅಂಟಿನುಂಡಿಯ ಡಬ್ಬಿ ಇರುತ್ತವೆ. ಶರಣಿಗೆ ಜಾಗ ಇಲ್ಲ. ಅವಳು ತಾಯವ್ವನ ಕಲ್ಲಿನ ಮೇಲೆ ಕೂತಳು. ಕಾದಳು. ಒಂದು ಬಸ್ಸು ಹೋಯಿತು. ಕಾದಳು. ಎರಡು ಆಟೋ ಹೋದವು. ಕಾದಳು. ನೆರಳು ಗಿಡ್ಡ ಆಯಿತು. ಕಾದಳು.

ಮಜ್ಜಿಗೆ ಬಣ್ಣದ ಕಾರು ಬಂತು.

ಬಾಗಿಲು ತೆರೆಯಿತು. ಮೊದಲು ತಂಪು ಇಳಿಯಿತು, ಶರಣಿಯ ಪಾದದ ಮೇಲೆ. ಆಮೇಲೆ ಅವ್ವ ಇಳಿದಳು. ಒಂದು ಕೈಯಲ್ಲಿ ಪಾಪು. ಇನ್ನೊಂದು ಕೈ ಖಾಲಿ. ಆ ಕೈಯಿಂದ ಅವಳು ಶರಣಿಯ ಜಡೆ ಮುಟ್ಟಿದಳು. ಮೇಲಿನ ಜಡೆ. ಆಮೇಲೆ ಕೆಳಗಿನ ಜಡೆ.

"ಯಾರು ಹಾಕ್ಯಾರ ಇದನ್ನ?"

"ಅಜ್ಜ."

"ಬಾ ಇಲ್ಲಿ."

ಶರಣಿ ಅವ್ವನ ಸೀರೆಯಲ್ಲಿ ಮುಖ ಹುದುಗಿಸಿದಳು. ಅವ್ವನ ವಾಸನೆ. ಪೂರ್ತಿ ಅವ್ವನ ವಾಸನೆ.

ಕಾರಿನ ಕೆಳಗೆ ತುಪ್ ಎಂದಿತು. ತುಪ್. ತುಪ್. ಓಣಿಯ ಆ ತುದಿಯಲ್ಲಿ ಒಂದು ಬಿಳಿ ಕಿವಿ ನಿಮಿರಿತು. ಮರಿ ಓಡಿ ಬಂತು. ಈ ಸಲ ಅದರ ಅವ್ವನೂ ಜೊತೆಗೆ ಬಂತು.

ಹನಿಯ ಕೆಳಗೆ ಮರಿ ಮಲಗಿತು. ತೊಟ್ಟಿಲಲ್ಲಿ ಪಾಪು ಮಲಗಿತು. ಅವ್ವನ ತೊಡೆಯ ಮೇಲೆ ಶರಣಿ ಮಲಗಿದಳು. ಎರಡೂ ಜಡೆ ಸಮ.

ಈಗ ಕಥೆಯೂ ಮಲಗಿತು. ಶ್, ಎಬ್ಬಿಸಬೇಡಿ.