ಅಮ್ಮಣ್ಣಿ ಕಾರಿನ ಭಾರ

"ಕೇಳ್ರಪ್ಪಾ ಕೇಳಿ. ಬರೋ ಹುಣ್ಣಿಮೆ ದಿನ ಕೆರೆ ಸುತ್ತಿನ ಹಾದೀಲಿ ಹೆಬ್ಬಂಡೆ ರಕ್ಕಸನ ಕಾರಿಗೂ ಅರಮನೆ ಪುಟ್ಟ ಕಾರಿಗೂ ಓಟ. ಓಡಿಸೋರು ನಮ್ಮ ರಾಜಕುಮಾರಿ ಕನಕಾಜಮ್ಮಣ್ಣಿ. ಸೋತ್ರೆ ರಕ್ಕಸ ಅವರನ್ನ ನುಂಗ್ತಾನೆ. ಗೆಲ್ಲಬೇಕಾದ್ರೆ ಕಾರಿನ ಭಾರ ಇಳಿಸ್ಬೇಕು. ಅಮ್ಮಣ್ಣಿಯವರ ಮೂರು ಒಗಟು ಬಿಡಿಸಿದೋರಿಗೆ ಕಾರು ಮುಟ್ಟೋ ಅಪ್ಪಣೆ, ಕೇಳಿದ ಬಹುಮಾನ. ಬಿಡಿಸದೋರಿಗೆ ಓಟದ ದಿನ ತಲೆದಂಡ. ಇದು ಮಲ್ಲಭೂಪಾಲ ಮಹಾಸ್ವಾಮಿಯವರ ಆಜ್ಞೆ."

ಆ ಡಂಗುರದ ಸದ್ದಿಗೆ ಮೂರು ಊರಾಚೆ ಹಸುಗಳ ಕೆಚ್ಚಲಲ್ಲೇ ಹಾಲು ಮೊಸರಾಗಿಹೋಯ್ತು. ಸುಳ್ಳಲ್ಲ, ಆ ಮೊಸರು ತಿಂದೋರು ಇನ್ನೂ ಇದ್ದಾರೆ. ರಕ್ಕಸನ ಕಾರು ಎಂಥದ್ದು ಅಂತೀರಿ? ಬಾಗಿಲಿಲ್ಲ, ಚಾವಣಿಯಿಲ್ಲ. ಬೀಸೋ ಗಾಳಿ ಅದನ್ನ ಹಿಡಿಯೋಕೆ ಹೋಗಿ ಏದುಸಿರು ಬಿಟ್ಟು ಮರದಡಿ ಕೂತ್ಕೊಳ್ತಿತ್ತು.

ಅರಮನೆಗೆ ಕಾರು ಬಂದಮೇಲೆ ಪಲ್ಲಕ್ಕಿ ಅಟ್ಟ ಸೇರಿತ್ತು. ಅದನ್ನ ಹೊರ್ತಿದ್ದ ಚಿಕ್ಕಹೈದ ಈಗ ಲಾಯದ ಕಸ ಗುಡಿಸ್ತಿದ್ದ. ಅಮ್ಮಣ್ಣಿಯನ್ನ ಎಷ್ಟೋ ಸಲ ಹೆಗಲ ಮೇಲೆ ಹೊತ್ತು ಬೆಟ್ಟ ಹತ್ತಿಸಿ ಇಳಿಸಿದೋನು. ಅವರನ್ನ ರಕ್ಕಸ ನುಂಗ್ತಾನೆ ಅಂದಮೇಲೆ ಅವನಿಗೆ ಅನ್ನ ಇಳೀಲಿಲ್ಲ. ಪೊರಕೆ ಗೋಡೆಗೆ ಒರಗಿಸಿ ಹೋಗಿ ಒಗಟು ಬಿಡಿಸೋಕೆ ಬಂದೋರ ಸಾಲಿನ ಕೊನೇಲಿ ನಿಂತ.

"ಏನ್ಲಾ ಚಿಕ್ಕಹೈದ, ನಿಂಗೂ ತಲೆ ಭಾರ ಆಯ್ತಾ?" ಅಂದ ಬಾಗಿಲು ಕಾಯೋ ಜವರ.

"ಹೊತ್ತು ಅಭ್ಯಾಸ ಕಣಣ್ಣ. ಇಳಿಸಿದ್ರೆ ಹೆಂಗಿರುತ್ತೋ ನೋಡೋಣ."

ಕಾರು ನಿಂತಿದ್ದು ಲಾಯದೊಳಗೆ. ಒಬ್ಬೊಬ್ಬರನ್ನೇ ಒಳಗೆ ಕರೆದು ಬಾಗಿಲು ಹಾಕ್ತಿದ್ರು. ಒಂದು ಒಗಟು ಬಿಡಿಸಿದ್ರೆ ಒಂದು ಸಲ ಗಂಟೆ ಬಾರಿಸ್ತಿದ್ರು. ಮೊದಲು ಮಂತ್ರಿ ಮಗ ಹೋದ. ಗಂಟೆ ಬಾರಿಸಲೇ ಇಲ್ಲ. ಹಿತ್ತಿಲ ಬಾಗಿಲಿಂದ ಅವನನ್ನ ಸೆರೆಮನೆಗೆ ಎಳ್ಕೊಂಡು ಹೋದ್ರು. ಸೇನಾಪತಿ ಮಗ ಹೋದ. ಒಂದು ಸಲ ಗಂಟೆ ಬಾರಿಸಿದ್ರು, ಆಮೇಲೆ ಸರಪಳಿ ಸದ್ದು. ನೆರೆರಾಜ್ಯದ ಯುವರಾಜ ಹೋದ. ಎರಡು ಸಲ ಗಂಟೆ ಕೇಳಿಸ್ತು. ಜನ ಬಾಗಿಲಿಗೆ ಕಿವಿಯಿಟ್ಟು ಕಾದ್ರು. ಮೂರನೇದು ಬರಲಿಲ್ಲ.

ಚಿಕ್ಕಹೈದ ಒಳಗೆ ಹೋದಾಗ ರಾಜ ಕತ್ತಿಯನ್ನ ಮಂಡಿ ಮೇಲೆ ಇಟ್ಕೊಂಡು ಕೂತಿದ್ದ. ಅಮ್ಮಣ್ಣಿ ಕಾರಿಗೆ ಒರಗಿ ನಿಂತು ಮೊದಲ ಒಗಟು ಕೇಳಿದ್ರು.

"ಅದಿಲ್ದೆ ಕಾರು ಹೊರಡಲ್ಲ, ಓಡ್ತಾ ಓಡ್ತಾ ಕರಗುತ್ತೆ. ಇವತ್ತಿಗೆ ಸಾಕಾಗೋಷ್ಟಿದ್ರೆ ಬಲ, ನಾಳೆಗೂ ಇರಲಿ ಅಂತ ಇಟ್ಕೊಂಡ್ರೆ ಹೊರೆ. ಏನದು? ಮಂತ್ರಿ ಮಗ ಊಟದ ಬುತ್ತಿ ಅಂದ."

"ಪೆಟ್ರೋಲು ತಾಯಿ. ಬೆಟ್ಟ ಹತ್ತುವಾಗ ನಾವು ಮೇಲಿನ ಮಂಟಪದವರೆಗೆ ಆಗೋಷ್ಟು ನೀರು ಮಾತ್ರ ಹೊತ್ಕೊಳ್ತಿದ್ವಿ. ಎಷ್ಟು ಸುತ್ತು ಓಡ್ಬೇಕೋ ಅಷ್ಟಕ್ಕೇ ಹಾಕ್ಸಿ."

ಗಂಟೆ ಬಾರಿಸಿದ್ರು.

"ಅದು ಓಡೋಕೆ ಒಂದಿಷ್ಟೂ ನೆರವಾಗಲ್ಲ, ತಡೆಯೋದೇ ಅದರ ಕೆಲಸ. ಆದ್ರೂ ಭಾರ ಅಂತ ಅದನ್ನ ಬಿಚ್ಚಿ ಎಸೆದೋನು ಗೆಲ್ಲಲ್ಲ. ಸೇನಾಪತಿ ಮಗ ಗಾಳಿ ತಡೆಯೋ ಗಾಜು ಅಂದ."

"ಬ್ರೇಕು ತಾಯಿ. ಪಲ್ಲಕ್ಕಿ ಹೊತ್ತು ಇಳಿಜಾರಿಳಿಯುವಾಗ ಕಾಲೂರಿ ನಿಲ್ಲಬಲ್ಲೆ ಅನ್ನೋ ಧೈರ್ಯ ಇದ್ದೋನೇ ಜೋರಾಗಿ ಓಡೋದು. ನಿಲ್ಲೋಕೆ ಬರದೋನು ಹೆದರಿ ಹಿಂದೆ ಉಳೀತಾನೆ, ಇಲ್ಲಾ ಬೀಳ್ತಾನೆ."

ಎರಡನೇ ಸಲ ಗಂಟೆ ಬಾರಿಸಿದ್ರು. ಅಮ್ಮಣ್ಣಿ ದನಿ ತಗ್ಗಿತು.

"ತಕ್ಕಡಿಗೆ ಹಾಕಿದ್ರೆ ಒಂದು ಮಣ ತೂಗುತ್ತೆ. ಆದ್ರೆ ಅದನ್ನ ಕಾರಿಂದ ಎತ್ತಬಲ್ಲೋರು ಈ ಅರಮನೇಲಿ ಒಬ್ಬರೇ. ಏನದು? ಯಾರವರು? ಯುವರಾಜ ಕಾರೊಳಗೆ ನೋಡ್ದ, ಅಪ್ಪಾಜಿಯವರ ಕತ್ತಿ ನೋಡ್ದ, ಗೊತ್ತಿಲ್ಲ ಅಂದ."

ಚಿಕ್ಕಹೈದ ಕಾರೊಳಗೆ ಬಗ್ಗಿ ನೋಡಿದ. ಓಡಿಸೋರ ಪಕ್ಕದ ಸೀಟಿನ ಮೇಲೆ ಸೇವಂತಿಗೆ ಹಾರ ಇತ್ತು, ಆಗಷ್ಟೇ ಹಾಕಿದ್ದು. ಆ ಸೀಟಲ್ಲಿ ಕೂತೇ ರಾಜಕುಮಾರ ಚೆಲುವರಾಜ ತಂಗಿಗೆ ಕಾರು ಕಲಿಸಿದ್ದು. ಹೋದ ವರ್ಷ ಜ್ವರ ಬಂದು ತೀರ್ಕೊಂಡಿದ್ದ. ಅವತ್ತಿಂದ ದಿನಾ ಬೆಳಿಗ್ಗೆ ರಾಜ ತನ್ನ ಕೈಯಾರೆ ಹಾರ ಬದಲಾಯಿಸ್ತಿದ್ದ. ಮಗಳು ಅಪ್ಪನಿಗೆ ಹೇಳೋಕಾಗದ ಮಾತನ್ನ ಇನ್ನೊಬ್ಬರ ಬಾಯಲ್ಲಿ ಹೇಳಿಸೋಕೆ ಈ ಒಗಟು ಕಟ್ಟಿದ್ದಾರೆ ಅಂತ ಚಿಕ್ಕಹೈದನಿಗೆ ಆಗ ಹೊಳೀತು.

"ಬುದ್ಧಿ," ಅಂದ ರಾಜನ ಕಡೆ ತಿರುಗಿ. "ಅದು ಚಿಕ್ಕದೊರೆಗಳ ಸೀಟು. ಎತ್ತಬೇಕಾದೋರು ತಾವು."

ರಾಜ ಕತ್ತಿ ಹಿಡಿದು ಎದ್ದ. "ನನ್ನ ಮಗ ಕೂತಿದ್ದ ಜಾಗ ಕಣೋ ಅದು."

"ಹೌದು ಬುದ್ಧಿ. ಆ ಒಂದು ಮಣ ಇಳಿಸ್ದೆ ಹೋದ್ರೆ ಹುಣ್ಣಿಮೆ ಆದಮೇಲೆ ಎರಡು ಸೀಟಿಗೂ ಹಾರ ಹಾಕ್ಬೇಕಾಗುತ್ತೆ."

ರಾಜ ಮಗಳನ್ನ ನೋಡಿದ. ಮಗಳು ನೆಲ ನೋಡ್ತಿದ್ರು. ರಾಜ ಕತ್ತಿ ಕೆಳಗಿಟ್ಟು ಸ್ಪ್ಯಾನರ್ ತಗೊಂಡ. ಹಾರ ತೆಗೆದು ಕಣ್ಣಿಗೊತ್ಕೊಂಡ. ಒಂದೊಂದೇ ನಟ್ಟು ಬಿಚ್ಚಿದ. ಒಬ್ಬನೇ ಎತ್ತೋಕೆ ಹೋದ್ರೆ ಆಗಲಿಲ್ಲ. ಚಿಕ್ಕಹೈದ ಇನ್ನೊಂದು ಕಡೆ ಹೆಗಲು ಕೊಟ್ಟ.

"ಎಡಗಾಲು ಮೊದಲು ಬುದ್ಧಿ. ಹೆಜ್ಜೆ ಕೂಡಿದ್ರೆ ಭಾರ ಅನ್ಸಲ್ಲ."

ಹಂಗೆ ರಾಜನೂ ಕಸ ಗುಡಿಸೋನೂ ಆ ಖಾಲಿ ಸೀಟನ್ನ ಪಲ್ಲಕ್ಕಿ ಥರ ಹೊತ್ಕೊಂಡು ಹೊರಗೆ ಬಂದ್ರು. ಜನ ಪೇಟ ತೆಗೆದು ದಾರಿ ಬಿಟ್ರು. ಮೂರನೇ ಗಂಟೆ ಬಾರಿಸಿದ್ರು.

ಹುಣ್ಣಿಮೆ ದಿನ ಕೊನೇ ತಿರುವಿನವರೆಗೂ ರಕ್ಕಸನೇ ಮುಂದೆ. ಆದ್ರೆ ಅವನು ಹಗುರಾಗ್ಲಿ ಅಂತ ಬ್ರೇಕು ಬಿಚ್ಚಿಟ್ಟು ಬಂದಿದ್ದ. ತಿರುವಲ್ಲಿ ನಿಲ್ಲೋಕಾಗದೆ ನೆಟ್ಟಗೆ ಕೆರೆಗೆ ಹೋದ. ಆ ನೀರಿನ ಸಿಡಿತಕ್ಕೆ ಊರ ಹೆಂಚಿನ ಮೇಲೆಲ್ಲ ಮೀನು ಬಿದ್ದು ಮನೆಮನೇಲೂ ಮೀನು ಸಾರು. ಅಮ್ಮಣ್ಣಿ ಅಲ್ಲಿ ಬ್ರೇಕು ಒತ್ತಿ, ತಿರುಗಿಸಿ, ಗೆದ್ದು ಬಂದ್ರು.

"ಬಹುಮಾನ ಕೇಳು," ಅಂದ ರಾಜ ಚಿಕ್ಕಹೈದನಿಗೆ.

"ಸೆರೇಲಿರೋರ ತಲೆ ಉಳಿಸಿ ಬುದ್ಧಿ."

"ಉಳಿಸ್ದೆ. ನಿನಗೇನು ಬೇಕು?"

ಚಿಕ್ಕಹೈದ ಕೈ ಮುಗಿದು ಪೊರಕೆ ತಗೊಂಡು ಹೊರಟ.

ಮಾರನೇ ದಿನ ಲಾಯಕ್ಕೆ ಹೋದ್ರೆ ಸೀಟು ಕಾರೊಳಗೆ ಮತ್ತೆ ಕೂತಿತ್ತು. ಹಾರ ಇರಲಿಲ್ಲ. ರಾಜನೇ ಬಾಗಿಲು ತೆಗೆದು ಹಿಡ್ಕೊಂಡ.

"ಇನ್ಮೇಲೆ ಹೊರೋದು ಸಾಕು. ಕೂತ್ಕೋ ಮಗ."

ಚಿಕ್ಕಹೈದ ಕಾಲಿನ ಧೂಳು ಒರೆಸ್ಕೊಂಡು ಅಂಚಲ್ಲಿ ಕೂತ.

"ಸರಿಯಾಗಿ ಕೂತ್ಕೊಳಯ್ಯ," ಅಂದ್ರು ಅಮ್ಮಣ್ಣಿ. "ಇವತ್ತು ನಿಧಾನಕ್ಕೆ ಹೋಗೋಣ. ಯಾರನ್ನೂ ಸೋಲಿಸ್ಬೇಕಾಗಿಲ್ಲ."